ಶಾಯಿಯ ಕರಡುಚಿತ್ರ ಓದುವ ಬಗೆ: ಗೆರೆ, ಕಾಂಟ್ರಾಸ್ಟ್ ಮತ್ತು ರೆಂಬ್ರಾಂಟನ ಒಂದು ಹಾಳೆ

ದೊಡ್ಡ ಕ್ಯಾನ್ವಾಸಿಗೆ ಕೈಹಾಕುವ ಮುನ್ನ ಚಿತ್ರಕಾರ ಸಣ್ಣ ಹಾಳೆಯ ಮೇಲೆ ಶಾಯಿಯಲ್ಲಿ ಮಾಡಿಕೊಳ್ಳುವ ಕರಡು ಬೇರೆಯವರ ಮೆಚ್ಚುಗೆಗೆಂದು ಹುಟ್ಟಿದ್ದಲ್ಲ. ಯಾರು ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಯಾವುದನ್ನು ಕತ್ತಲಿಗೆ ತಳ್ಳಬೇಕು ಎಂಬ ಲೆಕ್ಕಾಚಾರ ಅಲ್ಲಿ ನಡೆದಿರುತ್ತದೆ. ಸೀಮೆಸುಣ್ಣವನ್ನೋ ಇದ್ದಿಲನ್ನೋ ಉಜ್ಜಿ ಅಳಿಸಬಹುದು, ಶಾಯಿಯನ್ನು ಹಾಗೆ ಅಳಿಸಲಾಗದು. ತಪ್ಪಿದ ಗೆರೆಯೂ ತಿದ್ದಿದ ಗೆರೆಯೂ ಅಕ್ಕಪಕ್ಕದಲ್ಲೇ ಉಳಿದುಬಿಡುತ್ತವೆ. ಅದರಿಂದಲೇ ಶಾಯಿಯ ಕರಡನ್ನು ಕ್ರಮವಾಗಿ ಓದಲು ಸಾಧ್ಯವಾಗುವುದು.

ಕ್ರಮ ಅಂದರೆ ಹೀಗೆ: ಮೊದಲು ಸಾಮಗ್ರಿ, ಆಮೇಲೆ ಗೆರೆ, ಕೊನೆಗೆ ಕಾಂಟ್ರಾಸ್ಟ್, ಅಂದರೆ ಕಪ್ಪಿಗೂ ಬಿಳುಪಿಗೂ ಇರುವ ಅಂತರ. ಬಹುತೇಕರು ಇದನ್ನು ತಿರುಗುಮುರುಗು ಮಾಡುತ್ತಾರೆ. ಕಾಂಟ್ರಾಸ್ಟ್ ಮೊದಲು ಕಣ್ಣಿಗೆ ಹೊಡೆಯುವುದರಿಂದ ಅದರಿಂದಲೇ ಶುರುಮಾಡಿ, ‘ನಾಟಕೀಯ ನೆರಳು-ಬೆಳಕು’ ಎಂದು ಬರೆದು ಮುಗಿಸುತ್ತಾರೆ. ಆದರೆ ಮುನ್ನೂರು-ನಾನೂರು ವರ್ಷಗಳಲ್ಲಿ ಅತಿ ಹೆಚ್ಚು ಬದಲಾಗಿರುವುದು ಆ ಕಾಂಟ್ರಾಸ್ಟೇ. ಗೆರೆ ಇದ್ದಲ್ಲೇ ಇರುತ್ತದೆ, ಬಣ್ಣ ಮಾತ್ರ ಇಳಿದಿರುತ್ತದೆ.

ಉದಾಹರಣೆಗೆ ಒಂದೇ ಹಾಳೆಯನ್ನು ಹಿಡಿದುಕೊಳ್ಳೋಣ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ‘ಕ್ಲಾಡಿಯಸ್ ಸಿವಿಲಿಸ್‌ನ ಪಿತೂರಿ’ ಚಿತ್ರಕ್ಕಾಗಿ ಮಾಡಿದ ಕರಡು ಈಗ ಮ್ಯೂನಿಕ್‌ನ ಸರ್ಕಾರಿ ರೇಖಾಚಿತ್ರ ಸಂಗ್ರಹದಲ್ಲಿದೆ. ಪೆನ್ನು, ಕಂದು ಶಾಯಿ, ಕಂದು ವಾಶ್ (ನೀರು ಬೆರೆಸಿ ತೆಳುವಾಗಿಸಿ ಕುಂಚದಿಂದ ಹರಡಿದ ಶಾಯಿ), ಎತ್ತರ 19.6 ಸೆಂ.ಮೀ., ಅಗಲ 18 ಸೆಂ.ಮೀ. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಆಮ್‌ಸ್ಟರ್‌ಡ್ಯಾಮ್‌ನ ಹೊಸ ಪುರಭವನಕ್ಕಾಗಿ ಮಾಡಿದ ಆ ವರ್ಣಚಿತ್ರ ಸುಮಾರು ಐದೂವರೆ ಮೀಟರ್ ಎತ್ತರ, ಅಷ್ಟೇ ಅಗಲ ಇತ್ತು. 1662ರಲ್ಲಿ ಗೋಡೆಗೇರಿ ಅದೇ ವರ್ಷ ಕೆಳಗಿಳಿಯಿತು. ಆಮೇಲೆ ಅದನ್ನು ಕತ್ತರಿಸಲಾಯಿತು. ಉಳಿದ ತುಂಡು, 196 × 309 ಸೆಂ.ಮೀ., ಸ್ಟಾಕ್‌ಹೋಮ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇಡೀ ಸಂಯೋಜನೆ ಹೇಗಿತ್ತು ಎಂದು ತಿಳಿಯಲು ನಮಗಿರುವ ಮುಖ್ಯ ದಾರಿ ಈ ಪುಟ್ಟ ಹಾಳೆ.

ಕಥೆ ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನದು. ಕ್ರಿ.ಶ. 69ರಲ್ಲಿ ಇಂದಿನ ನೆದರ್ಲೆಂಡ್ಸ್ ಪ್ರದೇಶದ ಬಟಾವಿಯನ್ ಬುಡಕಟ್ಟಿನ ನಾಯಕ, ಒಕ್ಕಣ್ಣಿನ ಸಿವಿಲಿಸ್, ತನ್ನವರನ್ನು ಪವಿತ್ರ ತೋಪೊಂದಕ್ಕೆ ರಾತ್ರಿಯ ಔತಣಕ್ಕೆ ಕರೆದು ರೋಮನ್ನರ ವಿರುದ್ಧ ಆಣೆ ಮಾಡಿಸುತ್ತಾನೆ. ರಾತ್ರಿ, ಮರಗಳು, ಔತಣದ ಮೇಜು, ಗುಟ್ಟು: ಇಷ್ಟನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇಕಾಗುವ ಸಾಮಾನು

ಸಂಗ್ರಹಾಲಯದ್ದೇ ದೊಡ್ಡ ಗಾತ್ರದ ಚಿತ್ರಫೈಲು, ಹೊಳಪಿಲ್ಲದ ಎ4 ಕಾಗದದ ಮೇಲೆ ಅದರ ಮುದ್ರಣ, ನಾಲ್ಕೈದು ಹಾಳೆ ಟ್ರೇಸಿಂಗ್ ಪೇಪರ್, ನೀಲಿ, ಕೆಂಪು, ಹಸಿರು ಮತ್ತು ಇನ್ನೊಂದು ಬಣ್ಣದ ಸಣ್ಣ ಮೊನೆಯ ಪೆನ್ನು, ಒಂದು 2ಬಿ ಮತ್ತು ಒಂದು 6ಬಿ ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಸ್ಕೇಲು. ಮೂಲ ಹಾಳೆಯನ್ನೇ ನೋಡುವ ಅವಕಾಶ ಸಿಕ್ಕರೆ ಭೂತಗನ್ನಡಿ ಮತ್ತು ಸ್ಕೇಲು ಸಾಕು.

ಭೂತಗನ್ನಡಿ ಮುದ್ರಣದ ಮೇಲೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಅದರಲ್ಲಿ ಮುದ್ರಣದ ಚುಕ್ಕೆಗಳು ಕಾಣಿಸುತ್ತವೆಯೇ ಹೊರತು ಗೆರೆಯಲ್ಲ. ಹತ್ತಿರದ ವಿವರಕ್ಕೆ ಪರದೆಯ ಮೇಲೆ ಹಿಗ್ಗಿಸಿ ನೋಡಿ. ಒಟ್ಟು ಪರಿಣಾಮಕ್ಕೆ ಮುದ್ರಣವನ್ನು ನೋಡಿ.

ಹಂತ 1: ನಿಜವಾದ ಗಾತ್ರಕ್ಕೆ ತನ್ನಿ

ಪರದೆಯ ಮೇಲೆ ಎಲ್ಲ ಚಿತ್ರವೂ ಒಂದೇ ಅಳತೆಯದಾಗಿ ಕಾಣುತ್ತದೆ. ಮೋಸ ಶುರುವಾಗುವುದೇ ಅಲ್ಲಿ. ಅಂಗೈಯಷ್ಟು ಹಾಳೆಯ ಗೆರೆ ಪರದೆ ತುಂಬ ಹರಡಿದಾಗ ‘ಇಡೀ ತೋಳು ಬೀಸಿ ಎಳೆದ ಗೆರೆ’ ಅನ್ನಿಸುತ್ತದೆ. ಅಸಲಿಗೆ ಅದು ಬೆರಳು ಮಣಿಕಟ್ಟಿನಷ್ಟೇ ಚಲನೆ. ಮುದ್ರಿಸುವಾಗ ಅಗಲವನ್ನು ಸರಿಯಾಗಿ 18 ಸೆಂ.ಮೀ.ಗೆ ಇಟ್ಟು, ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ತೆಗೆದುಹಾಕಿ. ಒಪ್ಪುವ ಮುದ್ರಣಕ್ಕೆ ಫೈಲಿನ ಅಗಲ ಕನಿಷ್ಠ 2,100 ಪಿಕ್ಸೆಲ್ ಇರಬೇಕು. ಗೆರೆಯ ತುದಿಗಳನ್ನು ಓದಬೇಕಾದರೆ ಅದರ ಎರಡರಷ್ಟು. ಮುದ್ರಣವಾದ ಮೇಲೆ ಸ್ಕೇಲಿಟ್ಟು ಅಳೆಯಿರಿ. ಪ್ರಿಂಟರು ನಾಲ್ಕೈದು ಮಿಲಿಮೀಟರ್ ಕುಗ್ಗಿಸಿರುವುದು ಸಾಮಾನ್ಯ.

ಈಗ ಪ್ರಮಾಣದ ಲೆಕ್ಕ ಹಾಕಿ. 19.6 ಸೆಂ.ಮೀ.ಯ ಕರಡು ಸುಮಾರು 550 ಸೆಂ.ಮೀ.ಗೆ ಬೆಳೆಯಬೇಕಿತ್ತು, ಅಂದರೆ 28 ಪಟ್ಟು. ಹಾಳೆಯ ಮೇಲಿನ ಒಂದು ಮಿಲಿಮೀಟರ್ ದಪ್ಪದ ಗೆರೆ ಕ್ಯಾನ್ವಾಸಿನ ಮೇಲೆ ಎರಡು ಬೆರಳಿಗಿಂತ ಸ್ವಲ್ಪ ಕಡಿಮೆ, 2.8 ಸೆಂ.ಮೀ. ಪಟ್ಟಿ. ಇಂಥ ಹಾಳೆಯಲ್ಲಿ ಮುಖದ ಭಾವ, ಬೆರಳಿನ ಗೆಣ್ಣು ಹುಡುಕುವುದು ವ್ಯರ್ಥ. ಅದು ಗುಂಪುಗಳನ್ನೂ ನೆರಳಿನ ತುಂಡುಗಳನ್ನೂ ಜಾಗಕ್ಕೆ ಕೂರಿಸುವ ಹಾಳೆ.

ಹಿಂಬದಿಯನ್ನೂ ಬಿಡಬೇಡಿ. ಮ್ಯೂನಿಕ್ ಹಾಳೆಯ ಬೆನ್ನಿಗೆ 1661ರ ಅಕ್ಟೋಬರ್ 25ರ ಶವಸಂಸ್ಕಾರದ ಕರೆಯೋಲೆಯೊಂದರ ಮುದ್ರಿತ ಅಕ್ಷರಗಳಿವೆ. ರೆಂಬ್ರಾಂಟ್ ಅದೇ ಚೀಟಿಯ ಬೆನ್ನಿನ ಮೇಲೆ ಚಿತ್ರ ಬರೆದ. ಇದರಿಂದ ಚಿತ್ರ ಆ ದಿನಗಳಿಗಿಂತ ಹಿಂದಿನದಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ಎಷ್ಟು ದಿನ ಆದಮೇಲೆ ಬರೆದ ಎಂಬುದನ್ನು ಕರೆಯೋಲೆ ಹೇಳಲಾರದು. ಕೈಗೆ ಸಿಕ್ಕ ಚೀಟಿಯ ಮೇಲೆ ಬರೆದದ್ದು ಇನ್ನೊಂದನ್ನೂ ಸೂಚಿಸುತ್ತದೆ: ಇದು ಗಿರಾಕಿಗೆ ಒಪ್ಪಿಸಲೆಂದು ಮಾಡಿದ ಮಾದರಿಚಿತ್ರವಾಗಿರಲಾರದು.

ಹಂತ 2: ಶಾಯಿ ಯಾವುದು, ಎಷ್ಟು ಬದಲಾಗಿದೆ

ಕೈಪಿಡಿಗಳು ಬೇಗ ದಾಟಿಬಿಡುವ ಹಂತ ಇದು. ಇಲ್ಲೇ ನಿಂತು ಕೆಲಸ ಮಾಡಿ.

ಹಳೆಯ ಯುರೋಪಿನ ಚಿತ್ರಗಳಲ್ಲಿ ಮುಖ್ಯವಾಗಿ ಸಿಗುವುದು ಮೂರು ಶಾಯಿ. ಒಂದು, ಕಬ್ಬಿಣದ ಶಾಯಿ. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿಯಂಥ ಕಾಯಿಗಳ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿ, ಗೋಂದು ಹಾಕಿ ಮಾಡುವುದು. ಬರೆಯುವಾಗ ಪೇಲವ, ಗಾಳಿ ತಾಕಿದಂತೆ ಕಪ್ಪಾಗುತ್ತದೆ, ಕಾಲ ಕಳೆದಂತೆ ಕಂದಾಗುತ್ತದೆ. ಇದರ ಆಮ್ಲ ಕಾಗದವನ್ನು ತಿನ್ನುವುದರಿಂದ ದಟ್ಟವಾಗಿ ಶಾಯಿ ನಿಂತ ಕಡೆ ಗೆರೆಯ ಸುತ್ತ ಕಂದು ಮಬ್ಬು, ಕೆಲವೊಮ್ಮೆ ಬಿರುಕು, ತೂತು. ಎರಡು, ಬಿಸ್ಟರ್. ಕಟ್ಟಿಗೆ ಉರಿದ ಒಲೆಯ ಮಸಿಯನ್ನು ನೀರಿನಲ್ಲಿ ಕದಡಿ ಸೋಸಿದ್ದು. ಹೊಂಬಣ್ಣದಿಂದ ಗಾಢ ಕಂದಿನವರೆಗೆ ಪಾರದರ್ಶಕವಾಗಿ ಹರಡುತ್ತದೆ, ಹುಟ್ಟಿನಿಂದಲೇ ಕಂದು. ಮೂರು, ಕಾಡಿಗೆ ಶಾಯಿ. ಇಂಗಾಲ ಮತ್ತು ಗೋಂದು. ಅಂದೂ ಕಪ್ಪು, ಇಂದೂ ಕಪ್ಪು. ಸೆಪಿಯಾ ಎಂಬ ಕಣವೆ ಮೀನಿನ ಶಾಯಿ ಚಿತ್ರಕಾರರ ಕೈಗೆ ವ್ಯಾಪಕವಾಗಿ ಬಂದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. 17ನೇ ಶತಮಾನದ ಚಿತ್ರಕ್ಕೆ ಹಳೆಯ ಪಟ್ಟಿಯಲ್ಲಿ ‘ಸೆಪಿಯಾ’ ಎಂದಿದ್ದರೆ ಅದನ್ನು ಬಣ್ಣದ ಹೆಸರೆಂದು ಓದಿಕೊಳ್ಳಿ, ಸಾಮಗ್ರಿಯ ಹೆಸರೆಂದಲ್ಲ.

ಬರಿಗಣ್ಣಿಗೆ ಕಬ್ಬಿಣದ ಶಾಯಿಗೂ ಬಿಸ್ಟರ್‌ಗೂ ವ್ಯತ್ಯಾಸ ಹೇಳುವುದು ಕಷ್ಟ. ಸಂಗ್ರಹಾಲಯಗಳು ‘ಕಂದು ಶಾಯಿ’ ಎಂದಷ್ಟೇ ಬರೆಯುವುದು ಅದಕ್ಕೇ. ಗೆರೆ ಕಾಗದದ ಬೆನ್ನಿಗೂ ಕಂದಾಗಿ ಇಳಿದಿದ್ದರೆ ಕಬ್ಬಿಣದ ಶಾಯಿಯ ಕಡೆಗೆ ಒಲವು ತೋರಬಹುದು. ಪ್ರಯೋಗಾಲಯದಲ್ಲಿ ಇನ್ಫ್ರಾರೆಡ್ ಚಿತ್ರ ತೆಗೆದರೆ ಕಬ್ಬಿಣದ ಶಾಯಿ ಮಾಸುತ್ತಾ ಹೋಗುತ್ತದೆ, ಇಂಗಾಲ ಮಾತ್ರ ಕಪ್ಪಾಗಿಯೇ ನಿಲ್ಲುತ್ತದೆ. ಶಾಯಿಯ ಗೆರೆ ಮಾಸಿ ಅದರಡಿಯ ಸೀಮೆಸುಣ್ಣದ ಗೆರೆ ಎದ್ದು ಬರುವುದೂ ಉಂಟು.

ಇದರಿಂದ ನಿಮ್ಮ ಓದಿಗೆ ಬರುವ ಫಲ ಇಷ್ಟು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ‘ಇಂದು’ ಮತ್ತು ‘ಅಂದು’ ಎಂದು. ಕಬ್ಬಿಣದ ಶಾಯಿಯಾದರೆ ಗೆರೆ ಅಂದು ಹೆಚ್ಚು ಕಪ್ಪು, ಕಾಗದ ಹೆಚ್ಚು ಬಿಳುಪು. ಅಂದರೆ ಮೂಲ ಕಾಂಟ್ರಾಸ್ಟ್ ಎರಡೂ ಕಡೆಯಿಂದ ಜೋರಾಗಿತ್ತು. ಬಿಸ್ಟರ್ ಆದರೆ ಮುಖ್ಯವಾಗಿ ಕಾಗದದ ಬಿಳುಪು ಇಳಿದಿರುತ್ತದೆ. ಬಿಳಿ ಬಣ್ಣ ಹಚ್ಚಿದ ಜಾಗಗಳಿದ್ದರೆ ಇನ್ನೂ ಜೋಪಾನ: ಸೀಸದ ಬಿಳಿ ಗಾಳಿಯ ಗಂಧಕಕ್ಕೆ ಸಿಕ್ಕಿ ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಆಗ ಚಿತ್ರದ ಅತ್ಯಂತ ಬೆಳಕಿನ ಬಿಂದುವೇ ಮಸಿಯ ಮಚ್ಚೆಯಾಗಿ ಕಾಣುತ್ತದೆ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ, ಬಟ್ಟೆಯ ಮಡಿಕೆಯ ನೆತ್ತಿಯಲ್ಲಿ ಅರ್ಥವಿಲ್ಲದ ಬೂದು-ಕಪ್ಪು ಕಂಡರೆ ಮೊದಲು ಇದನ್ನು ಅನುಮಾನಿಸಿ.

ಹಂತ 3: ಉಪಕರಣವನ್ನು ಗೆರೆಯಿಂದ ಗುರುತಿಸಿ

ಗರಿಯ ಪೆನ್ನು ಒತ್ತಿದಂತೆ ಬಿಚ್ಚಿಕೊಳ್ಳುತ್ತದೆ. ಒಂದೇ ಗೆರೆ ಕೂದಲೆಳೆಯಿಂದ ಸುಮಾರು ಮಿಲಿಮೀಟರ್‌ವರೆಗೆ ಉಬ್ಬಿ ಮತ್ತೆ ಸಣ್ಣದಾಗಬಲ್ಲುದು, ತಿರುವುಗಳು ಸಲೀಸು. ಶಾಯಿ ಮುಗಿಯುತ್ತಾ ಬಂದಾಗ ಸೀಳಿದ ಮೊನೆಯ ಎರಡು ತುದಿ ಎರಡು ಸಮಾನಾಂತರ ಎಳೆಗಳನ್ನು ಬಿಟ್ಟು ನಡುವೆ ಕಾಗದ ಖಾಲಿ ಉಳಿಯುತ್ತದೆ. ಜೊಂಡಿನ ಪೆನ್ನು ಮೊಂಡು. ದಪ್ಪ ಹೆಚ್ಚು ಬದಲಾಗುವುದಿಲ್ಲ, ತುದಿ ಚೌಕಾಕಾರ, ಶಾಯಿ ಬೇಗ ಮುಗಿಯುವುದರಿಂದ ಗೆರೆ ಗಿಡ್ಡ, ಕೊನೆಯಲ್ಲಿ ಒಣಗಿ ತರಕಲು. ಕುಂಚದ ಗೆರೆಗೆ ಚೂಪು ಆರಂಭ, ತುಂಬಿದ ಹೊಟ್ಟೆ, ಅಂಚಿನಲ್ಲಿ ಪೆನ್ನಿನ ಮೊನೆ ಕೆರೆದ ಗುರುತೇನೂ ಇಲ್ಲ.

ಓದಿ ತಿಳಿಯುವುದಕ್ಕಿಂತ ಇದನ್ನು ಮಾಡಿ ತಿಳಿಯುವುದು ಬೇಗ. ಬಿದಿರಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಮೊನೆ ಸೀಳಿದರೆ ಜೊಂಡಿನ ಪೆನ್ನಿಗೆ ಹತ್ತಿರದ ಗೆರೆ ಬರುತ್ತದೆ. ಗರಿಯ ಬದಲಿಗೆ ಅದ್ದಿ ಬರೆಯುವ ಮೆತ್ತನೆ ನಿಬ್ಬು ಸಾಕು. ಜೊತೆಗೆ 4ನೇ ನಂಬರಿನ ದುಂಡು ಬ್ರಶ್. ಮೂರರಲ್ಲೂ 10 ಸೆಂ.ಮೀ.ಯ ನೇರ ಗೆರೆ, ಒಂದು ಸುರುಳಿ, ಒಂದು ಮುಷ್ಟಿಯ ಅಂಚು ಎಳೆದು, ಶಾಯಿ ಪೂರ್ತಿ ಮುಗಿಯುವ ತನಕ ಎತ್ತದೆ ಒಂದು ಗೆರೆ ಎಳೆಯಿರಿ. ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಮೂಲವನ್ನು ನೋಡಿ.

ಉಪಕರಣ ತಿಳಿಯದೆ ಭಾವ ಹೇಳಿದರೆ ಎಡವಟ್ಟಾಗುತ್ತದೆ. ಜೊಂಡಿನ ಪೆನ್ನಿನ ಮುರಿದ ಗೆರೆಯನ್ನು ‘ಕಲಾವಿದನ ತಳಮಳ’ ಎಂದು ಬರೆದವರಿದ್ದಾರೆ. ಅಲ್ಲಿ ಮುಗಿದದ್ದು ಶಾಯಿ ಅಷ್ಟೆ.

ಹಂತ 4: ಯಾವ ಗೆರೆ ಮೊದಲು?

ಎರಡು ಗೆರೆ ಒಂದರ ಮೇಲೊಂದು ಹಾದುಹೋಗುವ ಜಾಗವನ್ನು ದೊಡ್ಡದಾಗಿಸಿ ನೋಡಿ. ಕೆಳಗಿನದು ಹಸಿಯಿದ್ದಾಗ ಮೇಲಿನದು ಹಾದಿದ್ದರೆ ಸಂಧಿಯಲ್ಲಿ ಶಾಯಿ ಊದಿಕೊಂಡಿರುತ್ತದೆ. ಒಣಗಿದ ಮೇಲೆ ಹಾದಿದ್ದರೆ ಸಂಧಿ ಚೊಕ್ಕ, ಅಲ್ಲಿ ಮಾತ್ರ ಬಣ್ಣ ಇಮ್ಮಡಿ. ಮೊದಲನೆಯದು ಒಂದೇ ಉಸಿರಿನ ಕೆಲಸ. ಎರಡನೆಯದರಲ್ಲಿ ನಡುವೆ ಬಿಡುವಿತ್ತು. ಆ ಬಿಡುವು ಎರಡು ನಿಮಿಷದ್ದೋ ಎರಡು ತಿಂಗಳದ್ದೋ ಎಂದು ಸಂಧಿ ಹೇಳುವುದಿಲ್ಲ.

ವಾಶ್ ಮತ್ತು ಗೆರೆಯ ನಡುವೆಯೂ ಇದೇ ಪರೀಕ್ಷೆ. ಗೆರೆ ಒಣಗುವ ಮುನ್ನ ಮೇಲೆ ವಾಶ್ ಹರಿದಿದ್ದರೆ ಗೆರೆ ಕರಗಿ ಹೊಗೆಯಂತೆ ಪಕ್ಕಕ್ಕೆ ಹರಡಿರುತ್ತದೆ. ವಾಶ್ ಒಣಗಿದ ಮೇಲೆ ಎಳೆದ ಗೆರೆ ಅದರ ಮೇಲೆ ಚೂಪಾಗಿ ಕುಳಿತಿರುತ್ತದೆ. ವಾಶ್‌ನ ಮೇಲೆ ಕುಳಿತ ಚೂಪು ಗೆರೆಗಳನ್ನೆಲ್ಲ ಬೇರೆಯಾಗಿ ಗುರುತಿಸಿಕೊಳ್ಳಿ. ಒಟ್ಟು ನೆರಳನ್ನು ಹಾಕಿ, ಹಿಂದೆ ಸರಿದು ನೋಡಿ, ಚಿತ್ರಕಾರ ಮತ್ತೆ ಕೈಯಾಡಿಸಿದ ಜಾಗಗಳವು. ಸಾಮಾನ್ಯವಾಗಿ ಅವು ಹೆಚ್ಚಿರುವುದಿಲ್ಲ, ಆದರೆ ಇಡೀ ಹಾಳೆಯಲ್ಲಿ ಹೆಚ್ಚು ಹೇಳುವ ಗೆರೆಗಳು ಅವೇ.

ಗೆರೆಯ ದಿಕ್ಕು ತಿಳಿಯುವುದೂ ಸಾಧ್ಯ. ಪೆನ್ನು ನಿಂತ ಕಡೆ ಶಾಯಿ ಗುಂಡಗೆ ತಂಗುತ್ತದೆ, ಎತ್ತುತ್ತಾ ಹೋದ ಕಡೆ ಬಾಲದಂತೆ ಸಣ್ಣಗಾಗುತ್ತದೆ. ಬಲಗೈಯವರು ಹಾಕುವ ಓರೆಗೆರೆಗಳ ಸಾಲು ಸಹಜವಾಗಿ ಮೇಲೆ ಬಲದಿಂದ ಕೆಳಗೆ ಎಡಕ್ಕೆ ಒರಗುತ್ತದೆ. ಎಡಗೈಯವರದು ಮೇಲೆ ಎಡದಿಂದ ಕೆಳಗೆ ಬಲಕ್ಕೆ. ಲಿಯೊನಾರ್ಡೊ ಎಡಚನಾದ್ದರಿಂದ ಅವನ ಹಾಳೆಗಳನ್ನು ಶಿಷ್ಯರ ನಕಲುಗಳಿಂದ ಬೇರ್ಪಡಿಸಲು ಇದು ಹಳೆಯ, ಇಂದಿಗೂ ಉಪಯುಕ್ತವಾದ ಪರೀಕ್ಷೆ. ಫೈಲು ಅದಲುಬದಲಾಗಿ ತಿರುಗಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಅಂತರ್ಜಾಲದಲ್ಲಿ ಕನ್ನಡಿಬಿಂಬವಾದ ಚಿತ್ರಗಳು ಬೇಕಾದಷ್ಟಿವೆ.

ಹಂತ 5: ಗೆರೆಗಳನ್ನು ಮೂರು ಬಣ್ಣದಲ್ಲಿ ಬಿಡಿಸಿ

ಮುದ್ರಣದ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಟೇಪು ಅಂಟಿಸಿ. ನೀಲಿ ಪೆನ್ನಿನಲ್ಲಿ ಹುಡುಕಾಟದ ಗೆರೆಗಳು: ತೆಳು, ಎರಡು ಮೂರು ಸಲ ಬೇರೆಬೇರೆ ಜಾಗಕ್ಕೆ ಎಳೆದವು, ಎಲ್ಲೂ ಮುಚ್ಚಿಕೊಳ್ಳದವು. ಕೆಂಪಿನಲ್ಲಿ ತೀರ್ಮಾನದ ಗೆರೆಗಳು: ದಪ್ಪ, ಒಂದೇ ಸಲಕ್ಕೆ ಎಳೆದವು, ಅಥವಾ ಹುಡುಕಾಟದ ನಾಲ್ಕು ಗೆರೆಗಳಲ್ಲಿ ಒಂದನ್ನು ಆಯ್ದು ಮೇಲೆ ಒತ್ತಿದವು. ಹಸಿರಿನಲ್ಲಿ ನೆರಳಿನ ಗೆರೆಗಳು: ಆಕಾರದ ಅಂಚನ್ನು ಹೇಳದೆ ಟೋನ್ (ನೆರಳಿನ ಮಟ್ಟ) ಕಟ್ಟುವ ಸಾಲುಗಳು.

ಒಂದು ಗೆರೆ ಯಾವ ಬಣ್ಣಕ್ಕೆ ಸೇರಬೇಕೆಂದು ತಿಳಿಯದೆ ಕೈ ನಿಂತರೆ ಬಿಟ್ಟು ಮುಂದೆ ಹೋಗಿ. ಆರಂಭಿಕರು ಎಲ್ಲವನ್ನೂ ಕೆಂಪು ಮಾಡುತ್ತಾರೆ, ಏಕೆಂದರೆ ಪರಿಚಿತ ಚಿತ್ರದಲ್ಲಿ ಎಲ್ಲ ಗೆರೆಯೂ ಅನಿವಾರ್ಯ ಅನ್ನಿಸುತ್ತದೆ. ಇದಕ್ಕೆ ಮದ್ದು: ಹಾಳೆಯನ್ನು ತಲೆಕೆಳಗು ಮಾಡಿ ಟ್ರೇಸ್ ಮಾಡುವುದು. ಮನುಷ್ಯ, ಮರ, ಮೆಟ್ಟಿಲು ಎಂಬ ಹೆಸರುಗಳು ಮರೆಯಾಗಿ ಗೆರೆ ಗೆರೆಯಾಗಿ ಕಾಣತೊಡಗುತ್ತದೆ.

ಬಿಡಿಸಿದ ಮೇಲೆ ನೀಲಿ ಎಲ್ಲಿ ದಟ್ಟವಾಗಿದೆ ನೋಡಿ. ಅದು ಚಿತ್ರಕಾರನಿಗೆ ಕಷ್ಟವಾದ ಜಾಗ, ಮುಖ್ಯ ಜಾಗವೇ ಆಗಿರಬೇಕೆಂದಿಲ್ಲ. ಕುದುರೆಯ ಹಿಂಗಾಲಿಗೆ ಹತ್ತು ಗೆರೆ ಬಿದ್ದಿದ್ದು ನಾಯಕನ ತಲೆಗೆ ಒಂದೇ ಬಿದ್ದಿದ್ದರೆ ಆ ತಲೆಯ ಸ್ಥಾನ ಮೊದಲೇ ನಿಶ್ಚಯವಾಗಿತ್ತು ಎಂದರ್ಥ.

ನೇರಪಟ್ಟಿಯಿಟ್ಟು ಎಳೆದ ಗೆರೆಗಳನ್ನು ನಾಲ್ಕನೆಯ ಬಣ್ಣಕ್ಕೆ ಹಾಕಿ. ಲಿಯೊನಾರ್ಡೊ ‘ಮೂವರು ಜ್ಞಾನಿಗಳ ಆರಾಧನೆ’ಗಾಗಿ ಸುಮಾರು 1481ರಲ್ಲಿ ಮಾಡಿದ, ಫ್ಲಾರೆನ್ಸ್‌ನ ಉಫೀತ್ಸಿ ಸಂಗ್ರಹಾಲಯದಲ್ಲಿರುವ 16.3 × 29 ಸೆಂ.ಮೀ.ಯ ಹಾಳೆಯಲ್ಲಿ ನೆಲದ ಗೆರೆಗಳೆಲ್ಲ ಒಂದೇ ಬಿಂದುವಿಗೆ ಓಡುತ್ತವೆ. ಆ ಶಿಸ್ತಿನ ಬಲೆಯ ಮೇಲೆ ಕುದುರೆಗಳೂ ಮನುಷ್ಯರೂ ಸರಾಗ ಕೈಯಲ್ಲಿ ಓಡಾಡುತ್ತಾರೆ. ಅಂಥಲ್ಲಿ ಪಟ್ಟಿಯ ಗೆರೆಗೆ ಭಾವ ಹಚ್ಚಬೇಡಿ. ಚೌಕಚೌಕವಾಗಿ ಎಳೆದ ಬಲೆ ಚಿತ್ರದ ಮೇಲೆ ಹಾದಿದ್ದರೆ ಹಾಳೆಯನ್ನು ದೊಡ್ಡದಕ್ಕೆ ವರ್ಗಾಯಿಸಲು ಸಿದ್ಧಮಾಡಿದ್ದರು, ಸಂಯೋಜನೆ ಅಷ್ಟರಲ್ಲಿ ತೀರ್ಮಾನವಾಗಿತ್ತು. ಗೆರೆಯುದ್ದಕ್ಕೂ ಸೂಜಿಯ ತೂತುಗಳಿದ್ದರೆ ಇದ್ದಿಲ ಪುಡಿ ತಟ್ಟಿ ವರ್ಗಾಯಿಸಿದ್ದಾರೆ. ಮೊಂಡು ಮೊಳೆಯಿಂದ ಒತ್ತಿದ ತಗ್ಗುಗಳು ಓರೆ ಬೆಳಕಿನಲ್ಲಷ್ಟೇ ಕಾಣುತ್ತವೆ: ದೀಪವನ್ನು ಹಾಳೆಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಟ್ಟು ನೋಡಬೇಕು.

ಇಡೀ ಹಾಳೆಯಲ್ಲಿ ನೀಲಿಯೇ ಇಲ್ಲದಿದ್ದರೆ ಅದು ಕರಡೇ ಅಲ್ಲದಿರಬಹುದು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ (1911–1996) ನೃತ್ಯದ ರೇಖೆಗಳನ್ನು ಗಮನಿಸಿದವರಿಗೆ ಇದು ಗೊತ್ತು. ಅಲ್ಲಿ ಗೆರೆಯೇ ಕೊನೆಯ ಮಾತು, ಅದರಾಚೆ ಒಂದು ಎಣ್ಣೆಬಣ್ಣದ ಚಿತ್ರವನ್ನು ಊಹಿಸಿಕೊಂಡು ಓದುವ ಅಗತ್ಯವಿಲ್ಲ.

ಹಂತ 6: ಕಾಂಟ್ರಾಸ್ಟಿನ ನಕ್ಷೆ

ಇನ್ನೊಂದು ಟ್ರೇಸಿಂಗ್ ಪೇಪರ್. ಈ ಸಲ ಗೆರೆ ಬೇಡವೇ ಬೇಡ. ಮುದ್ರಣವನ್ನು ಎರಡು ಮೀಟರ್ ದೂರದಲ್ಲಿ ಗೋಡೆಗೆ ಅಂಟಿಸಿ ಕಣ್ಣು ಕಿರಿದು ಮಾಡಿ ನೋಡಿ. ಗೆರೆಗಳು ಕರಗಿ ನಾಲ್ಕೈದು ತುಂಡುಗಳಷ್ಟೇ ಉಳಿಯುತ್ತವೆ. ಅವನ್ನು ಐದು ಮೆಟ್ಟಿಲಿನಲ್ಲಿ ತುಂಬಿ: 1 ಖಾಲಿ ಕಾಗದ, 2 ತೆಳು ವಾಶ್ ಅಥವಾ ವಿರಳ ಓರೆಗೆರೆ, 3 ನಡು ಟೋನ್, 4 ದಟ್ಟ ವಾಶ್, 5 ಶಾಯಿ ನಿಂತ ಕಪ್ಪು. 1ಕ್ಕೆ ಪೆನ್ಸಿಲ್ ಮುಟ್ಟಿಸಬೇಡಿ, 5ಕ್ಕೆ 6ಬಿ ಒತ್ತಿ ತುಂಬಿ, ನಡುವಿನವಕ್ಕೆ 2ಬಿ.

ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿ ಐದು ಮಟ್ಟಕ್ಕೆ ಇಳಿಸುವುದೂ ಆದೀತು, ಆದರೆ ಯಂತ್ರ ನೀರಿನ ಕಲೆಗೂ ವಾಶ್‌ಗೂ ಭೇದ ಮಾಡುವುದಿಲ್ಲ. ಮೂಲೆಯ ಅಂಟಿನ ಕಲೆಯನ್ನು 4ಕ್ಕೆ ಹಾಕಿಬಿಡುತ್ತದೆ. ಪುಸ್ತಕಗಳಿಗಾಗಿ ಕಾಂಟ್ರಾಸ್ಟ್ ಏರಿಸಿದ ಫೈಲಾಗಿದ್ದರೆ 2 ಮತ್ತು 3 ಎರಡೂ ಸೇರಿಹೋಗಿರುತ್ತವೆ. ಒಂದೇ ಹಾಳೆಯ ಎರಡು ಬೇರೆ ಮೂಲದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಏನು ಮಾಡಿದೆ ಎಂದು ಗೊತ್ತಾಗುತ್ತದೆ.

ನಕ್ಷೆ ಮುಗಿದ ಮೇಲೆ ಮೂರು ಪ್ರಶ್ನೆ. 1 ಮತ್ತು 5 ಒಂದಕ್ಕೊಂದು ತಾಗುವ ಜಾಗ ಎಲ್ಲಿದೆ? ಅಲ್ಲಿಗೇ ಕಣ್ಣು ಮೊದಲು ಹೋಗುತ್ತದೆ, ಚಿತ್ರಕಾರನಿಗೂ ಅದು ಗೊತ್ತು. 5 ಒಟ್ಟು ಹಾಳೆಯಲ್ಲಿ ಎಷ್ಟು ಪಾಲು? ತೀರ ಕಡಿಮೆಯಿದ್ದು ಚದುರಿದ್ದರೆ ಅದು ಬೆಳಕಿನ ಲೆಕ್ಕವಲ್ಲ, ಅಲ್ಲಲ್ಲಿ ಒತ್ತಿಹೇಳಿದ್ದು. ಕಪ್ಪು ತುಂಡುಗಳು ಒಂದಕ್ಕೊಂದು ಕೈಹಿಡಿದಿವೆಯೇ, ಬಿಡಿಬಿಡಿಯಾಗಿವೆಯೇ? ಜೋಡಿಕೊಂಡಿದ್ದರೆ ಚಿತ್ರಕಾರ ಆಕೃತಿಗಳನ್ನು ಬಿಟ್ಟು ಇಡೀ ಜಾಗದ ಬೆಳಕನ್ನು ಯೋಚಿಸುತ್ತಿದ್ದ.

ಬಣ್ಣ ಹಚ್ಚಿದ ಕಾಗದವಾದರೆ ಲೆಕ್ಕ ಬೇರೆ. ಜರ್ಮನ್ ಚಿತ್ರಕಾರ ಡ್ಯೂರರ್ 1508ರಲ್ಲಿ ಫ್ರಾಂಕ್‌ಫರ್ಟಿನ ಹೆಲ್ಲರ್ ಪೀಠಚಿತ್ರಕ್ಕಾಗಿ (ಚರ್ಚಿನ ಪೂಜಾವೇದಿಕೆಯ ಚಿತ್ರ) ಮಾಡಿದ ಜೋಡಿಸಿದ ಕೈಗಳ ಅಭ್ಯಾಸಚಿತ್ರ ನೀಲಿ ನೆಲದ ಮೇಲೆ ಕುಂಚದಲ್ಲಿ ಮಾಡಿದ್ದು. ಈಗ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಕಾಗದವೇ 3ನೇ ಮೆಟ್ಟಿಲು. ಕಪ್ಪು ಗೆರೆ ಕೆಳಕ್ಕೂ ಬಿಳಿ ಗೆರೆ ಮೇಲಕ್ಕೂ ಹೋಗುತ್ತವೆ. ನಕ್ಷೆಯನ್ನು ಬೂದು ಕಾಗದದ ಮೇಲೆ, ಕಪ್ಪು ಮತ್ತು ಬಿಳಿ ಪೆನ್ಸಿಲ್ಲಿನಲ್ಲಿ ಮಾಡಿ. ಬಿಳಿ ಹಾಳೆಯಲ್ಲಿ ಮಾಡಿದರೆ ಓದು ತಪ್ಪುತ್ತದೆ.

ಹಂತ 7: ಎರಡನ್ನೂ ಒಂದರ ಮೇಲೊಂದು ಇಡಿ

ಗೆರೆಯ ಟ್ರೇಸಿಂಗ್ ಮತ್ತು ಕಾಂಟ್ರಾಸ್ಟಿನ ಟ್ರೇಸಿಂಗ್ ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದರೆ ವ್ಯಾಖ್ಯಾನ ಶುರುವಾಗುತ್ತದೆ. ಗೆರೆಯೂ ಕಾಂಟ್ರಾಸ್ಟೂ ಒಂದೇ ಜಾಗವನ್ನು ಒತ್ತಿಹೇಳಿದರೆ ವಿಷಯ ಸುಲಭ. ಅವು ಒಪ್ಪದಿದ್ದಾಗಲೇ ಕೆಲಸ. ಕೆಂಪು ಗೆರೆಗಳು ಒಂದು ಕಡೆ, 1-5ರ ಸಂಧಿ ಇನ್ನೊಂದು ಕಡೆ ಇದ್ದರೆ, ಗೆರೆ ಹಾಕಿದ ಮೇಲೆ ವಾಶ್ ಹಾಕುವಾಗ ಮನಸ್ಸು ಬದಲಾಗಿದೆ ಎಂದು ಶಂಕಿಸಬಹುದು. ಖಚಿತಪಡಿಸಲು ಹಂತ 4ರ ಪರೀಕ್ಷೆಗೆ ಹಿಂದಿರುಗಿ.

ಮ್ಯೂನಿಕ್ ಹಾಳೆಗೆ ಬರೋಣ. ಮೇಜಿನ ಸುತ್ತ ಕುಳಿತ ಗುಂಪು ಹಾಳೆಯ ಸಣ್ಣ ಪಾಲಷ್ಟೇ. ಮುಂದೆ ಮೆಟ್ಟಿಲುಗಳು, ಮೇಲೆ ಎತ್ತರದ ಕಮಾನುಗಳ ಕಟ್ಟಡ, ಅದರಾಚೆ ಮರಗಳು. ಗೆರೆಯನ್ನಷ್ಟೇ ನೋಡಿದವರಿಗೆ ‘ಇಷ್ಟು ದೊಡ್ಡ ಖಾಲಿ ಜಾಗ ಏಕೆ’ ಅನ್ನಿಸೀತು. ಕಮಾನುಗಳಿಗೆ ಬಿದ್ದ ಗೆರೆ ಅವಸರದ್ದು. ಕಾಂಟ್ರಾಸ್ಟಿನ ನಕ್ಷೆ ಇಟ್ಟಾಗ ಆ ಜಾಗ ಖಾಲಿಯಲ್ಲ ಎಂದು ಗೊತ್ತಾಗುತ್ತದೆ: ಸುತ್ತಲಿನ ವಾಶ್ ಕತ್ತಲಾಗಿ ನಿಂತು ಮೇಜಿನ ಗುಂಪನ್ನು ಬೆಳಕಾಗಿ ಬಿಟ್ಟುಕೊಟ್ಟಿದೆ. ಅಲ್ಲಿನ ಬೆಳಕು ಹೆಚ್ಚಾಗಿ ಬಣ್ಣ ಹಚ್ಚಿದ್ದರಿಂದ ಬಂದದ್ದಲ್ಲ, ಕಾಗದವನ್ನು ಮುಟ್ಟದೆ ಬಿಟ್ಟದ್ದರಿಂದ. ಟ್ಯಾಸಿಟಸ್‌ನ ರಾತ್ರಿಯೂ ಗುಟ್ಟೂ ಚಿತ್ರಕ್ಕೆ ಇಳಿದದ್ದು ಹೀಗೆ. ಆಕೃತಿಗಳ ಮುಖಭಾವದಿಂದಲ್ಲ, ಅವರನ್ನು ಸುತ್ತುವರಿದ ಕತ್ತಲಿನ ಪ್ರಮಾಣದಿಂದ.

ಜಾಗವನ್ನೂ ಗಣನೆಗೆ ತನ್ನಿ. ಚಿತ್ರ ಏರಬೇಕಿದ್ದದ್ದು ಪುರಭವನದ ಮೊಗಸಾಲೆಯಲ್ಲಿ, ತಲೆಯೆತ್ತಿ ನೋಡಬೇಕಾದ ಎತ್ತರದ ಕಮಾನಿನೊಳಗೆ. ಅಷ್ಟು ದೂರದಿಂದ ಗೆರೆ ಕಾಣದು. ಬೆಳಕಿನ ಒಂದು ತುಂಡು, ಅದರ ಸುತ್ತ ಕತ್ತಲು ಮಾತ್ರ ಕಾಣುತ್ತದೆ. 28 ಪಟ್ಟು ಸಣ್ಣ ಹಾಳೆಯನ್ನು ಎರಡು ಮೀಟರ್ ದೂರದಿಂದ ನೋಡುವ ಅಭ್ಯಾಸ ಇಲ್ಲಿ ಎರಡು ಪಟ್ಟು ಸಾರ್ಥಕ.

ಹಂತ 8: ಮುಗಿದ ಚಿತ್ರದೊಡನೆ ಹೋಲಿಸಿ

ಸ್ಟಾಕ್‌ಹೋಮ್‌ನಲ್ಲಿ ಉಳಿದ ತುಂಡು ಮೂಲದ ಅಗಲದಲ್ಲಿ ಸುಮಾರು ಶೇ. 56, ಎತ್ತರದಲ್ಲಿ ಶೇ. 36, ವಿಸ್ತೀರ್ಣದಲ್ಲಿ ಐದನೇ ಒಂದು ಭಾಗ. ದಪ್ಪ ಕಾಗದದಲ್ಲಿ 10 × 7 ಸೆಂ.ಮೀ.ಯ ಕಿಟಕಿ ಕತ್ತರಿಸಿ ಕರಡಿನ ಮುದ್ರಣದ ಮೇಲೆ, ಮೇಜಿನ ಗುಂಪು ಒಳಗೆ ಬರುವಂತೆ ಇಡಿ. ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಆಕೃತಿಗಳ ಜೋಡಣೆ ಬದಲಾಗಿದೆ, ತುಂಡರಿಸಿದ ಮೇಲೆ ಹಿನ್ನೆಲೆಗೂ ಬಣ್ಣ ಬಿದ್ದಿದೆ. ಆದರೂ ಕಿಟಕಿಯನ್ನು ತೆಗೆದು ಮತ್ತೆ ಇಟ್ಟು ನೋಡಿದಾಗ ಕಳೆದುಹೋದದ್ದೇನು ಎಂದು ತಟ್ಟುತ್ತದೆ: ಉಳಿದದ್ದು ಬೆಳಕು, ಹೋದದ್ದು ಆ ಬೆಳಕಿಗೆ ಬೆಲೆ ಕೊಟ್ಟಿದ್ದ ಕತ್ತಲು. ವರ್ಣಚಿತ್ರದಲ್ಲಿ ಮೇಜಿನ ಮೇಲಿನ ದೀಪವನ್ನು ಮುಂದಿನ ಆಕೃತಿಗಳು ಮರೆಮಾಡಿ ಕಪ್ಪಾಗಿ ನಿಲ್ಲುತ್ತವೆ, ಸಿವಿಲಿಸ್ ಎದುರಿಗೇ ಮುಖ ಕೊಟ್ಟು ಕುರುಡು ಕಣ್ಣನ್ನೂ ತೋರಿಸುತ್ತಾನೆ.

ಇಲ್ಲೊಂದು ವಿವಾದವಿದೆ. ಈ ಹಾಳೆ ಕ್ಯಾನ್ವಾಸಿಗೆ ಮೊದಲಿನದೇ, ಅಥವಾ ಚಿತ್ರ ಅರ್ಧ ನಡೆದಾಗ ಬದಲಾವಣೆಯ ಯೋಚನೆಗಾಗಿ ಮಾಡಿದ್ದೇ ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಎರಡನೆಯ ವಾದಕ್ಕೆ ಒತ್ತಾಸೆಯಾಗಿ 1662ರ ಆಗಸ್ಟಿನ ಒಪ್ಪಂದವೊಂದರಲ್ಲಿ ಆ ಚಿತ್ರದಿಂದ ರೆಂಬ್ರಾಂಟನಿಗೆ ಇನ್ನೂ ಬರಬಹುದಾದ ಹಣದ ಮಾತಿದೆ. ನಿಮ್ಮ ಟಿಪ್ಪಣಿಯಲ್ಲಿ ‘ಪೂರ್ವಸಿದ್ಧತೆಯ ಚಿತ್ರ’ ಎಂದು ಬರೆಯುವಾಗ ಇದು ನೆನಪಿರಲಿ. ಕರಡಿಗೂ ಮುಗಿದದ್ದಕ್ಕೂ ವ್ಯತ್ಯಾಸ ಕಂಡ ತಕ್ಷಣ ‘ಆಮೇಲೆ ಹೀಗೆ ಬದಲಿಸಿದ’ ಎಂದು ಬರೆಯಲು ಹಿಂದು-ಮುಂದು ಗೊತ್ತಿರಬೇಕು.

ಕೈತಪ್ಪುವ ಜಾಗಗಳು

ಹಿಂಬದಿಯ ಶಾಯಿ ಮುಂದಕ್ಕೆ ಇಳಿದು ನೆರಳಿನಂತೆ ಕಾಣುವುದು ಬಹಳ ಸಾಮಾನ್ಯ. ಹಿಂಬದಿಯ ಚಿತ್ರವನ್ನು ಕನ್ನಡಿಬಿಂಬ ಮಾಡಿ ಪಕ್ಕದಲ್ಲಿಟ್ಟರೆ ಪತ್ತೆಯಾಗುತ್ತದೆ. ಕಂದು ಚುಕ್ಕೆಗಳ ಮಚ್ಚೆ ಕಾಗದದ ರೋಗ. ಮೂಲೆಯ ಪುಟ್ಟ ಮುದ್ರೆ ಹಿಂದಿನ ಸಂಗ್ರಾಹಕನದು. ಅಂಚಿನಲ್ಲಿ ಅರ್ಧಕ್ಕೆ ನಿಂತ ಗೆರೆಗಳಿದ್ದರೆ ಹಾಳೆಯನ್ನು ಕತ್ತರಿಸಿದ್ದಾರೆ; ಸಂಯೋಜನೆಯ ‘ಇಕ್ಕಟ್ಟು’ ಚಿತ್ರಕಾರನದಲ್ಲ, ಕತ್ತರಿಯದು. ಮಾಸಿದ ಗೆರೆಗಳ ಮೇಲೆ ನಂತರದವರು ಹೊಸ ಶಾಯಿ ಎಳೆದದ್ದೂ ಉಂಟು. ಹಳೆಯ ಗೆರೆ ಉಬ್ಬುವ ಕಡೆ ಉಬ್ಬದೆ, ಎಚ್ಚರಿಕೆಯಿಂದ ಒಂದೇ ದಪ್ಪದಲ್ಲಿ, ಅಂಚಿನ ಗುಂಟ ತೆವಳುವ ಗೆರೆ ಕಂಡರೆ ಅದನ್ನು ಕೆಂಪಿಗೆ ಸೇರಿಸಬೇಡಿ.

ಇನ್ನೊಂದು: ಎಲ್ಲ ಕಂದು ಹಾಳೆಯೂ ಕರಡಲ್ಲ. ಇದೇ ರೆಂಬ್ರಾಂಟ್ 1650ರ ದಶಕದ ನಡುವಿನಿಂದ ಮೊಘಲ್ ಚಿತ್ರಗಳನ್ನು ನೋಡಿ ಏಷ್ಯಾದ ಕಾಗದದ ಮೇಲೆ ಕಂದು ಶಾಯಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಕಲು ಮಾಡಿದ್ದಾನೆ. ಅಲ್ಲಿ ಗೆರೆ ಸಪೂರ, ಹುಡುಕಾಟ ಕಡಿಮೆ, ನೆರಳು ಹಗುರ. ಬೇರೆಯವರ ತೀರ್ಮಾನವನ್ನು ಅನುಸರಿಸುವ ಕೈ ಹೇಗಿರುತ್ತದೆ ಎಂದು ತಿಳಿಯಲು ಆ ಹಾಳೆಗಳನ್ನು ಮ್ಯೂನಿಕ್ ಹಾಳೆಯ ಪಕ್ಕ ಇಟ್ಟು ನೋಡಬೇಕು.

ಟಿಪ್ಪಣಿ ಬರೆಯುವಾಗ

ಕಂಡದ್ದು ಒಂದು ವಾಕ್ಯ, ಊಹಿಸಿದ್ದು ಇನ್ನೊಂದು ವಾಕ್ಯ. ‘ಎಡಗಡೆಯ ವಾಶ್ ಒಣಗಿದ ಮೇಲೆ ಮೂರು ಚೂಪು ಗೆರೆ ಬಿದ್ದಿವೆ’ ಎಂಬುದು ಕಂಡದ್ದು. ‘ನೆರಳಿನಲ್ಲಿ ಮುಳುಗಿದ ಆಕೃತಿಯನ್ನು ಮತ್ತೆ ಎತ್ತಲು ಹಾಕಿರಬೇಕು’ ಎಂಬುದು ಊಹೆ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ಆಮೇಲೆ ತಿದ್ದಲು ಬರುವುದಿಲ್ಲ. ಪ್ರತಿ ಊಹೆಯ ಮುಂದೆ ಅದು ಯಾವ ಹಂತದಿಂದ ಬಂತೆಂದು ಸಂಖ್ಯೆ ಹಾಕಿ.

ಮೂಲ ಹಾಳೆಗಳನ್ನು ಸಂಗ್ರಹಾಲಯಗಳು ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿ, ಕೆಲವೇ ತಿಂಗಳ ಮಟ್ಟಿಗೆ ಹೊರಗಿಡುತ್ತವೆ. ಉಳಿದ ಕಾಲ ಅವು ಪೆಟ್ಟಿಗೆಯಲ್ಲಿ. ಹಲವು ಕಡೆ ಮುಂಚಿತವಾಗಿ ಬರೆದು ಕೇಳಿದರೆ ಅಧ್ಯಯನ ಕೋಣೆಯಲ್ಲಿ ತೋರಿಸುತ್ತಾರೆ. ಕೇಳುವಾಗ ಹಾಳೆಯ ದಾಖಲೆ ಸಂಖ್ಯೆ ಬರೆಯಿರಿ, ಹಿಂಬದಿಯನ್ನೂ ನೋಡಬೇಕೆಂದು ಸೇರಿಸಿ. ಒಳಗೆ ಪೆನ್ಸಿಲ್ ಮಾತ್ರ, ಪೆನ್ನು ಬಿಡುವುದಿಲ್ಲ. ಹಾಗಾಗಿ ಮೂರು ಬಣ್ಣದ ಟ್ರೇಸಿಂಗ್ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಅಲ್ಲಿನ ಸಮಯವನ್ನು ಗೆರೆಗಳ ಸಂಧಿ ಮತ್ತು ವಾಶ್‌ನ ಅಂಚು ನೋಡಲು ಇಟ್ಟುಕೊಳ್ಳಿ.